ಎರಡು ಎಕರೆ ಮೂವತ್ತು ಗುಂಟೆ ಯಾವ ಟೈಪ್?

‘ಡೇಟಾ ಟೈಪ್‌ನಾಗ ಧರ್ಮ ಅಧರ್ಮ ಏನೈತಲೇ?’ ಅಂತ ಬಳ್ಳಾರಿಯ ಗೆಳೆಯನೊಬ್ಬ ನಕ್ಕುಬಿಟ್ಟ. ವರ್ಕ್‌ಫ್ಲೋ ಸಾಫ್ಟ್‌ವೇರ್‌ಗೆ ಜಾವಾ ಪ್ಲಗಿನ್ ಬರೆಯೋದು ನನ್ನ ಹೊಟ್ಟೆಪಾಡು. ಅವನು ನಗಲಿ ಬಿಡಿ, ಆದ್ರೆ ಪ್ರಶ್ನೆ ನಗುವಂಥದ್ದಲ್ಲ.

ಬೆಳೆಸಾಲಕ್ಕೆ ಅರ್ಜಿ ಹಾಕಿದ ಸಿರುಗುಪ್ಪದ ಒಬ್ಬ ಭತ್ತದ ರೈತನನ್ನು ಊಹಿಸಿಕೊಳ್ಳಿ. ಪಹಣಿಯಲ್ಲಿ ಅವನ ಒಂದು ಗದ್ದೆ 2.30, ಇನ್ನೊಂದು 1.20. ಚುಕ್ಕೆ ನೋಡಿ ನಾವು ಬಿಗ್‌ಡೆಸಿಮಲ್ ಅಂದುಕೊಂಡರೆ ಮೊತ್ತ 3.50, ಅಂದ್ರೆ ಮೂರೂವರೆ ಎಕರೆ. ಆದರೆ ಅದು ದಶಮಾಂಶದ ಚುಕ್ಕೆಯಲ್ಲ. ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. 40 ಗುಂಟೆಗೆ ಒಂದು ಎಕರೆ. ಸರಿಯಾದ ಲೆಕ್ಕ 4 ಎಕರೆ 10 ಗುಂಟೆ. ಮೂರೂವರೆ ಎಕರೆ ಅಂದ್ರೆ ಬರೀ 3 ಎಕರೆ 20 ಗುಂಟೆ. 30 ಗುಂಟೆ ಮಾಯ! ಕಂಪೈಲರ್ ಗೊಣಗೋದಿಲ್ಲ, ಎರರ್ ಬರೋದಿಲ್ಲ. ಸಾಲ ಮಾತ್ರ ಕಮ್ಮಿಯಾಗುತ್ತೆ.

ಇದಕ್ಕೆ ದಾರಿ ಇದೆ. ಫ್ಲೋಯಬಲ್‌ನಂಥ ಎಂಜಿನ್‌ನಲ್ಲಿ ‘ಆಬ್‌ಸ್ಟ್ರಾಕ್ಟ್‌ಫಾರ್ಮ್‌ಟೈಪ್’ ಅನ್ನೋ ಕ್ಲಾಸನ್ನು ವಿಸ್ತರಿಸಿ ‘ಎಕರೆಗುಂಟೆ’ ಅಂತ ನಮ್ಮದೇ ಟೈಪ್ ಬರೆಯಬಹುದು. ಫಾರ್ಮಿನಲ್ಲಿ ಬಂದ ಅಕ್ಷರವನ್ನು ಆಬ್ಜೆಕ್ಟ್ ಮಾಡೋಕೆ ಒಂದು ಮೆಥಡ್, ಆಬ್ಜೆಕ್ಟನ್ನು ಮತ್ತೆ ಅಕ್ಷರವಾಗಿ ತೋರಿಸೋಕೆ ಇನ್ನೊಂದು. 16 ಆಣೆಗೆ ಒಂದು ಗುಂಟೆ ತಾನೇ? ಒಳಗೆ ಎಲ್ಲವನ್ನೂ ಆಣೆಯಲ್ಲಿಟ್ಟರೆ ಪೂರ್ಣಾಂಕದಲ್ಲೇ ಕೂಡಬಹುದು, ಕಳೆಯಬಹುದು.

‘ಯಾಕಿಷ್ಟು ತಲೆನೋವು? ಸ್ಟ್ರಿಂಗ್ ಹಾಕಿಬಿಡು, ಏನು ಬೇಕಾದ್ರೂ ಬರ್ಕೊಳ್ಳಲಿ’ ಅನ್ನೋರಿದ್ದಾರೆ. ಕೇಳೋಕೆ ಎಷ್ಟು ಉದಾರ! ಆದ್ರೆ ಸ್ಟ್ರಿಂಗ್ ಹಾಕಿದ ಮಾತ್ರಕ್ಕೆ ಅರ್ಥ ಮಾಡಿಕೊಳ್ಳೋ ಹೊಣೆ ಇಲ್ಲವಾಗೋದಿಲ್ಲ, ಕೈ ಬದಲಾಗುತ್ತೆ ಅಷ್ಟೆ. ನಾನು ಎ.ಸಿ. ಕೆಳಗೆ ಕೂತು ಮಾಡಬೇಕಾದ ಯೋಚನೆಯನ್ನು ಕೌಂಟರಿನ ಗುಮಾಸ್ತ ಮಾಡಬೇಕು. ಅವನೂ ಎಡವಿದರೆ ರೈತ ಅಲೆಯಬೇಕು.

ಹಾಗಂತ ಬಿಗಿ ಟೈಪ್ ಬರೆದ ತಕ್ಷಣ ಪುಣ್ಯ ಬರೋದಿಲ್ಲ. ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ತಾಲ್ಲೂಕುಗಳ ಹಳೇ ಪಟ್ಟಿಯನ್ನು ಈನಮ್‌ನಲ್ಲಿ ಕಲ್ಲಿಗೆ ಕೆತ್ತಿದ ಹಾಗೆ ಬರೆದಿಟ್ಟರೆ, ಕುರುಗೋಡಿನವರು ತಮ್ಮ ತಾಲ್ಲೂಕಿನ ನಿಜವಾದ ಹೆಸರು ಹೇಳಿದಾಗ ‘ಇನ್‌ವ್ಯಾಲಿಡ್’ ಅಂತ ಬರುತ್ತೆ. ಊರು ಸರಿ, ಮನುಷ್ಯ ಸರಿ, ತಪ್ಪಿರೋದು ಕ್ಲಾಸು. ಕ್ಲಾಸ್ ಬದಲಿಸಿದ್ರೂ ಮುಗಿಯೋಲ್ಲ: ಸೀರಿಯಲೈಸ್ ಆಗಿ ಡೇಟಾಬೇಸಿನಲ್ಲಿ ಕೂತ ಹಳೇ ಆಬ್ಜೆಕ್ಟ್ ಹೊಸ ಕ್ಲಾಸಿಗೆ ಹೊಂದದಿದ್ದರೆ, ಅರ್ಧ ದಾರಿಗೆ ಬಂದ ಅರ್ಜಿ ಅಲ್ಲೇ ನಿಲ್ಲುತ್ತೆ.

ಹಾಗಾದ್ರೆ ಧರ್ಮ ಎಲ್ಲಿದೆ? ಬಿಗಿಯಲ್ಲೂ ಇಲ್ಲ, ಸಡಿಲದಲ್ಲೂ ಇಲ್ಲ. ‘ನನ್ನ ಟೈಪ್ ತಪ್ಪಿದ್ರೆ ಬೆಲೆ ತೆರೋರು ಯಾರು?’ ಅಂತ ಮೊದಲೇ ಕೇಳಿಕೊಳ್ಳೋದರಲ್ಲಿದೆ. ಆಮೇಲಿನದು ಕಷ್ಟವಲ್ಲ. ಕೋಡ್ ಬರೆಯೋ ಮುಂಚೆ ಒಂದು ಪಹಣಿ ಕೈಯಲ್ಲಿ ಹಿಡಿದು ನೋಡಿ. ಅರ್ಜಿದಾರರು ಬರೆದದ್ದನ್ನು ಬರೆದ ಹಾಗೇ ಪಕ್ಕದಲ್ಲಿ ಉಳಿಸಿ. ಟೈಪಿಗೆ ಒಗ್ಗದ್ದನ್ನು ತಿರಸ್ಕರಿಸದೆ ಒಬ್ಬ ಮನುಷ್ಯನ ಕಣ್ಣಿಗೆ ಕಳಿಸಿ. ಹಳೇ ಅರ್ಜಿಯನ್ನು ಓದೋ ದಾರಿಯನ್ನು ಅಳಿಸಬೇಡಿ.

ಇಷ್ಟಕ್ಕೆ ನಮಗೆ ಒಂದು ದಿನ ಹೆಚ್ಚು ಹಿಡಿಯಬಹುದು. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ ಹತ್ತಿ ಬಂದು, ‘ನಾಳೆ ಬಾ’ ಅನ್ನಿಸಿಕೊಂಡು ವಾಪಸ್ ಹೋಗೋರಿಗೂ ಹೋಗೋದು ಒಂದು ದಿನವೇ. ನಮ್ಮ ದಿನಕ್ಕೆ ಸಂಬಳ ಇದೆ, ಅವರ ದಿನಕ್ಕಿಲ್ಲ.