ಮಿಣುಕುವ ಪರದೆ ಮತ್ತು ಕ್ಷಣಿಕವಾದ

ಹಳೆಯ ಕೊಳವೆ ಮಾನಿಟರಿನ ಪರದೆಯ ಮೇಲೆ ಇಡೀ ಚಿತ್ರವೆಂಬುದು ಯಾವೊಂದು ಕ್ಷಣದಲ್ಲೂ ಇರುವುದಿಲ್ಲ. ಎಲೆಕ್ಟ್ರಾನ್ ಕಿರಣ ತಾಗಿದ ಚುಕ್ಕೆ ಹೊಳೆಯುತ್ತದೆ, ಕಿರಣ ಸರಿದೊಡನೆ ಮಂಕಾಗುತ್ತದೆ. ಇಂಟರ್‌ಲೇಸ್ಡ್ ಮಾನಿಟರಿನಲ್ಲಿ ಕಿರಣ ಒಂದು ಸುತ್ತಿನಲ್ಲಿ ಬೆಸ ಸಾಲುಗಳನ್ನೂ ಮರುಸುತ್ತಿನಲ್ಲಿ ಸರಿ ಸಾಲುಗಳನ್ನೂ ಬರೆಯುತ್ತದೆ. 1987ರಲ್ಲಿ ಐಬಿಎಂ ತಂದ 8514 ಮಾನಿಟರಿನಲ್ಲಿ 768 ಸಾಲುಗಳಿದ್ದವು, ಸುತ್ತಿಗೆ 384. ಸೆಕೆಂಡಿಗೆ ಸುಮಾರು 87 ಸುತ್ತುಗಳಾದರೂ ಒಂದೊಂದು ಸಾಲು ಬೆಳಗುತ್ತಿದ್ದುದು 43 ಸಲದಷ್ಟೇ. ಟಿವಿಯ ದೃಶ್ಯದಲ್ಲಿ ಅಕ್ಕಪಕ್ಕದ ಸಾಲುಗಳು ಹೆಚ್ಚುಕಡಿಮೆ ಒಂದೇ ತೆರ, ಹಾಗಾಗಿ ಕೊರತೆ ಕಣ್ಣಿಗೆ ಬೀಳದು. ಕಂಪ್ಯೂಟರಿನ ಅಕ್ಷರದ ಅಡ್ಡಗೆರೆ ಒಂದೇ ಸಾಲಿನಷ್ಟು ತೆಳು. ನೆರೆಸಾಲಿನ ಆಸರೆಯಿಲ್ಲದೆ ಅದು ಮಿಣುಕುತ್ತದೆ.

ಹಾಗಾದರೆ ಮಿಣುಕದೆ ಸ್ಥಿರವಾಗಿ ಕಾಣುವುದು ನಿಜಕ್ಕೂ ಸ್ಥಿರವೇ? ಬೌದ್ಧರ ಕ್ಷಣಿಕವಾದ ಇಲ್ಲವೆನ್ನುತ್ತದೆ. ದೀಪದ ಕುಡಿ ಒಂದೇ ಎಂದು ತೋರಿದರೂ ಕ್ಷಣಕ್ಷಣಕ್ಕೂ ಹೊಸದು. ಹೋಲಿಕೆಯನ್ನೇ ಮನಸ್ಸು ಐಕ್ಯವೆಂದು ಭ್ರಮಿಸುತ್ತದೆ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದಕ್ಕೆ ತರ್ಕದ ಬಲ ಕೊಟ್ಟ: ಏನನ್ನಾದರೂ ಮಾಡಬಲ್ಲದ್ದೇ ಸತ್, ಬದಲಾಗದೆ ನಿಂತದ್ದು ಏನನ್ನೂ ಮಾಡಲಾರದು.

ಶಂಕರರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಎತ್ತುವ ಆಕ್ಷೇಪ ನೇರವಾದುದು. ಇದು ಅದರಂತಿದೆ ಎನ್ನಲು ಎರಡನ್ನೂ ಕಂಡವನೊಬ್ಬ ಬೇಕು. ಕ್ಷಣಕ್ಕೊಬ್ಬ ನೋಡುಗನಾದರೆ ಹೋಲಿಸುವವರು ಯಾರು? ಪರದೆಯ ಮುಂದೆ ಈ ಮಾತು ಇನ್ನೂ ಹರಿತವಾಗುತ್ತದೆ. ಮಿಣುಕು ಕಾಣಬೇಕಾದರೆ ಬೆಳಕನ್ನೂ ಅದರ ಅಳಿವನ್ನೂ ಒಟ್ಟಿಗೆ ಹಿಡಿಯುವ ಅರಿವು ಬೇಕಲ್ಲ. ಒಂದು ಅರಿವು ತನ್ನ ಸಂಸ್ಕಾರವನ್ನು ಮುಂದಿನದಕ್ಕೆ ದಾಟಿಸಿ ಅಳಿಯುತ್ತದೆ, ಈ ಸಂತಾನವೇ, ಅಂದರೆ ಅರಿವುಗಳ ಈ ಸರಣಿಯೇ, ಸಾಕು ಎಂಬುದು ಬೌದ್ಧರ ಉತ್ತರ. ಇದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಪರದೆಯೇ ಬೌದ್ಧರ ಪಕ್ಷಕ್ಕೆ ಸಾಕ್ಷಿ ಎಂದು ಮೊದಲ ನೋಟಕ್ಕೆ ಅನಿಸೀತು. ಆದರೆ ದೀಪದಲ್ಲಿ ಹಿಂದಿನ ಉರಿ ಮುಂದಿನದಕ್ಕೆ ಕಾರಣ. ಪರದೆಯಲ್ಲಿ ಒಂದು ಸುತ್ತು ಇನ್ನೊಂದನ್ನು ಹುಟ್ಟಿಸುವುದಿಲ್ಲ. ಎರಡೂ ವಿಡಿಯೊ ಮೆಮೊರಿಯಲ್ಲಿ ಉಳಿದಿರುವ ಒಂದೇ ಚಿತ್ರದಿಂದ ಬಂದವು. ಗೌಡಪಾದರ ಮಾಂಡೂಕ್ಯ ಕಾರಿಕೆಯ ಅಲಾತಶಾಂತಿ ಪ್ರಕರಣದ ಕೊಳ್ಳಿಗೆ ಇದು ಹೆಚ್ಚು ಹತ್ತಿರ: ಬೀಸಿದಾಗ ಬಳೆಯಾಗಿ ಕಾಣುವುದು ಒಂದೇ ಕೊಳ್ಳಿ.

ಹಾಗಾದರೆ ಆ ಮೆಮೊರಿಯಾದರೂ ಸ್ಥಿರವೇ? ಅದರ ಕೋಶಗಳಲ್ಲಿನ ವಿದ್ಯುದಂಶ ಸದಾ ಸೋರುತ್ತಿರುತ್ತದೆ. ಕೆಲವು ಮಿಲಿಸೆಕೆಂಡಿಗೊಮ್ಮೆ ಉಳಿದದ್ದನ್ನು ಓದಿ, ಅದರ ಆಧಾರದ ಮೇಲೆಯೇ ಹೊಸದನ್ನು ತುಂಬಬೇಕು. ಬೌದ್ಧರು ಹೇಳಿದ ಸಂತಾನಕ್ಕೆ ಈ ಯಂತ್ರದಲ್ಲಿ ನಿಜವಾಗಿ ಹೊಂದುವ ಜಾಗ ಇದು.