ಚರ್ಮವಾದ್ಯ ಮತ್ತು ಹೆಣ್ಣಿನ ಆರಾಧನಾಧಿಕಾರ

ಭಾರತೀಯ ಸಂಗೀತಶಾಸ್ತ್ರವು ನಾದವನ್ನೇ ಬ್ರಹ್ಮವೆಂದು ಭಾವಿಸುವುದರಿಂದ, ದೇವರ ಮುಂದೆ ಆ ನಾದವನ್ನು ಹೊಮ್ಮಿಸುವ ಕೈ ಯಾರದೆಂಬ ಪ್ರಶ್ನೆಯು ಆರಾಧನೆಯ ಅಧಿಕಾರಕ್ಕೆ ಸೇರಿದ ಪ್ರಶ್ನೆಯಾಗುತ್ತದೆ. ಹಾಸನ ಸೀಮೆಯಲ್ಲಿ ಇದಕ್ಕೆ ದೇವಾಲಯದ ಕಲ್ಲು ಕೊಡುವ ಉತ್ತರ ಒಂದಾದರೆ ಊರಹಬ್ಬ ಕೊಡುವ ಉತ್ತರ ಇನ್ನೊಂದು.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸಿದ ಸ್ತ್ರೀಶಿಲ್ಪಗಳನ್ನು ಮದನಿಕೆಗಳೆನ್ನುತ್ತಾರೆ. ಅವುಗಳ ನಡುವೆ, ನಡು ಸಣ್ಣಗಿದ್ದು ಎರಡೂ ಬದಿಗೆ ಚರ್ಮ ಬಿಗಿದ ಡಮರುಗದಂಥ ವಾದ್ಯವನ್ನು ಎತ್ತಿ ಹಿಡಿದು ತಾನೇ ನುಡಿಸುತ್ತ ಕುಣಿಯುವ ಹೆಣ್ಣೂ ಇದ್ದಾಳೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ, ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಕೊಂಡಾಡುತ್ತವೆ. ಬೇಲೂರಿನ ಆ ಶಿಲ್ಪವು ಅಂದಿನ ನಿತ್ಯಪೂಜೆಯ ನೇರ ದಾಖಲೆಯಲ್ಲವಾದರೂ, ಹೆಣ್ಣಿನ ಕೈಯ ಚರ್ಮವಾದ್ಯ ದೇವಸನ್ನಿಧಿಗೆ ಮೈಲಿಗೆಯೆಂದು ಅದನ್ನು ಕಡೆಸಿದವರು ಎಣಿಸಿರಲಿಲ್ಲವೆಂಬುದಂತೂ ಅದರಿಂದ ಸ್ಪಷ್ಟವಾಗುತ್ತದೆ.

ಹೊಳೆನರಸೀಪುರ, ಅರಕಲಗೂಡು ಕಡೆಯ ಗ್ರಾಮದೇವತೆಯ ಹಬ್ಬಗಳಲ್ಲಿ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ನಡೆದರೆ, ಬಳೆಗೆ ಬಿಗಿದ ಚರ್ಮವನ್ನು ಬೆಂಕಿಗೆ ಹಿಡಿದು, ಕಾವು ಏರಿ ನಾದ ಗಟ್ಟಿಯಾದ ಮೇಲೆ ತಮಟೆ ಬಡಿಯುವವರು ಪರಂಪರೆಯಿಂದ ದಲಿತ ಗಂಡಸರು. ಆ ಬಡಿತ ಏರಿದಂತೆ ದೇವರು ಮೈಮೇಲೆ ಬರುವುದು ಎಷ್ಟೋ ಸಲ ಹೆಣ್ಣಿನ ಮೇಲೆಯೇ. ದೈವವನ್ನು ತಾಳಲು ಯೋಗ್ಯವಾದ ದೇಹ ದೈವವನ್ನು ಕರೆಯಲು ಮಾತ್ರ ಅಯೋಗ್ಯವೆಂಬ ಈ ವಿಂಗಡಣೆಗೆ ತತ್ತ್ವದ ಆಧಾರವಿಲ್ಲ. ಸತ್ತ ಪ್ರಾಣಿಯ ಚರ್ಮ ಮುಟ್ಟಿದವನನ್ನು ಗರ್ಭಗುಡಿಯಿಂದ ದೂರವಿಟ್ಟದ್ದೂ, ಮುಟ್ಟಿನ ನೆಪದಲ್ಲಿ ಹೆಣ್ಣನ್ನು ಪೂಜೆಯಿಂದ ದೂರವಿಟ್ಟದ್ದೂ ಮೈಲಿಗೆಯೆಂಬ ಒಂದೇ ಕಲ್ಪನೆಯಾದ್ದರಿಂದ, ಬಡಿಯುವವನ ಮತ್ತು ಆರತಿ ಹೊತ್ತವಳ ಅವಮಾನಗಳನ್ನು ಬೇರೆಬೇರೆಯಾಗಿ ನೋಡಲಾಗದು.

ಕನ್ನಡನಾಡಿನ ಭಕ್ತಿಯಲ್ಲಿಯೇ ಇದಕ್ಕೆ ಪ್ರತ್ಯುತ್ತರವಿದೆ. ಸವದತ್ತಿ ಯಲ್ಲಮ್ಮನ ಜೋಗತಿಯರು, ಒಂದು ಬದಿಗೆ ಚರ್ಮ ಮುಚ್ಚಿ ಅದಕ್ಕೆ ತಂತಿ ಕಟ್ಟಿದ ಚೌಡಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೀಟುತ್ತ ದೇವಿಯ ಕಥೆ ಹಾಡುತ್ತಾರೆ. ಆ ಹೆಂಗಸರನ್ನು ದೇವಿಗೆ ಬಿಟ್ಟು ಅವರ ಬದುಕನ್ನು ಶೋಷಿಸಿದ ವ್ಯವಸ್ಥೆ ಖಂಡನೀಯವೇ ಆದರೂ, ಹೆಣ್ಣು ನುಡಿಸಿದ ಚರ್ಮವಾದ್ಯವನ್ನು ಅಲ್ಲಿ ದೇವಿಯ ಸೇವೆಯೆಂದೇ ಜನ ನಂಬಿದ್ದಾರೆ. ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯ ಸಾರಿದ ನಾಡಿನಲ್ಲಿ ನಾದಕ್ಕೂ ಆ ಭೇದ ಸಲ್ಲದು. ಇಂದು ಹೆಣ್ಣುಮಕ್ಕಳ ತಂಡಗಳು ವೇದಿಕೆಯಲ್ಲಿ ಡೊಳ್ಳು, ತಮಟೆ ಬಾರಿಸುತ್ತಿರುವುದು ಸಂತೋಷದ ಸಂಗತಿ. ವೇದಿಕೆಯಲ್ಲಿ ಒಪ್ಪಿದ ಕೈಯನ್ನು ದೇವರ ಮುಂದೆಯೂ ಒಪ್ಪಿದಾಗ ಮಾತ್ರ ನಾದ ಬ್ರಹ್ಮವೆಂಬ ಮಾತನ್ನು ಸಮಾಜ ನಿಜವಾಗಿ ನಂಬಿದಂತಾಗುತ್ತದೆ.