ಅನ್ನಿಸಿದ್ದು ಯಾರಿಗೆ?

“ನನಗೆ ಆಗಲೇ ಅನ್ನಿಸಿತ್ತು ಕಣ್ರೀ” ಎನ್ನುವವರು ಊರ ತುಂಬ ಇದ್ದಾರೆ. ಮಳೆ ಕೈಕೊಟ್ಟ ಮೇಲೆ, ಪಾಲುದಾರ ಮೋಸ ಮಾಡಿದ ಮೇಲೆ, ಪಕ್ಷ ಸೋತ ಮೇಲೆ ಅವರಿಗೆ ಅನ್ನಿಸಿದ್ದು ನೆನಪಾಗುತ್ತದೆ. ಅನ್ನಿಸಿಯೂ ಆಗದೆ ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಕೇಳಿ ಬೇಸತ್ತವರು ಒಳಮನಸ್ಸಿನ ಮಾತೆಲ್ಲ ಬರೀ ಬೊಗಳೆ ಎಂದುಬಿಡುತ್ತಾರೆ. ನಂಬುವವರು ದೈವದ ನುಡಿ ಎಂದು ಕೈಮುಗಿಯುತ್ತಾರೆ. ನಮ್ಮ ಹಳೆಯ ಶಾಸ್ತ್ರಕಾರರು ಎರಡೂ ಗುಂಪಿಗೆ ಸೇರಲಿಲ್ಲ. ಅನ್ನಿಸಿದ್ದು ಯಾರಿಗೆ, ಎಲ್ಲಿಂದ ಎಂದು ವಿಚಾರಿಸಲು ಕೂತರು.

ಐದನೆಯ ಶತಮಾನದ ವ್ಯಾಕರಣಕಾರ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಈ ಒಳಹೊಳಹನ್ನು ಪ್ರತಿಭೆ ಎಂದು ಕರೆದು ಅದರಲ್ಲಿ ಆರು ಬಗೆ ಎಣಿಸಿದ್ದಾನೆ. ವಸಂತದಲ್ಲಿ ಗಂಡುಕೋಗಿಲೆಗೆ ಸ್ವರ ಬದಲಿಸಲು ಕಲಿಸಿದವರು ಯಾರು, ಹಕ್ಕಿಗೆ ಗೂಡು ಕಟ್ಟಲು ಹೇಳಿಕೊಟ್ಟವರು ಯಾರು ಎಂದು ಕೇಳಿದವನು ಅವನು. ಎಲ್ಲದರ ಬೇರು ಅವನ ಪ್ರಕಾರ ಶಬ್ದವೇ. ಈ ಜನ್ಮದಲ್ಲಿ ಕೇಳಿ ಕಲಿತದ್ದಲ್ಲವಾದರೆ ಅದು ಹಿಂದಿನ ಜನ್ಮಗಳ ವಾಸನೆ. ಆ ಶಬ್ದವೋ ಅವನಿಗೆ ಸಾಕ್ಷಾತ್ ಬ್ರಹ್ಮ. ಗ್ರಂಥದ ಹಳೆಯ ವ್ಯಾಖ್ಯಾನವಾದ ವೃತ್ತಿಯಲ್ಲಿ ಆರಕ್ಕೂ ಉದಾಹರಣೆಗಳಿವೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕಪಿಯದು ಸ್ವಭಾವದಿಂದ ಬಂದದ್ದು, ವಸಿಷ್ಠನದು ಆಚರಣೆಯಿಂದ, ಪರರ ಮನಸ್ಸನ್ನು ತಿಳಿಯುವ ಯೋಗಿಯದು ಯೋಗದಿಂದ. ಅದೃಷ್ಟದ ಲೆಕ್ಕಕ್ಕೆ ರಾಕ್ಷಸ ಪಿಶಾಚಿಗಳು. ಸಂಜಯನಿಗೆ ಸಿಕ್ಕಿದ್ದು ವ್ಯಾಸರ ಅನುಗ್ರಹ. ಉಳಿದ ಒಂದು ಬಗೆ ಅಭ್ಯಾಸದ್ದು, ಅದಕ್ಕೆ ಉದಾಹರಣೆ ಬಾವಿ ಕೆರೆ ತೋಡುವವನು! ವಸಿಷ್ಠ, ಸಂಜಯರ ಪಂಕ್ತಿಯಲ್ಲೇ ಗುದ್ದಲಿ ಹಿಡಿದವನಿಗೂ ಎಲೆ ಹಾಕಿದ್ದಾರೆ.

ನನಗೆ ತೀರ ಹತ್ತಿರದವನು ಈ ಬಾವಿ ತೋಡುವವನೇ. ಕೋಲಾರದ ಕಡೆ ಬೋರ್‌ವೆಲ್‌ಗೆ ಪಾಯಿಂಟ್ ನೋಡುವವರು ಅಂಗೈ ಮೇಲೆ ಜುಟ್ಟಿರುವ ತೆಂಗಿನಕಾಯಿಯನ್ನು ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಾರೆ. ಕಾಯಿ ನೆಟ್ಟಗೆ ಎದ್ದು ನಿಂತಲ್ಲಿ ಕಲ್ಲಿಟ್ಟು ಗುರುತು ಮಾಡುತ್ತಾರೆ. ಕಾಯಿ ಏಳುವುದಕ್ಕೂ ನೆಲದಡಿಯ ನೀರಿಗೂ ಸಂಬಂಧವಿದೆಯೆಂದು ನಾನು ನಂಬುವುದಿಲ್ಲ. ಆದರೆ ಪಳಗಿದವರ ಕಣ್ಣನ್ನು ನೋಡಬೇಕು. ಕಾಯಿ ಕೈಗೆ ಬರುವ ಮುಂಚೆಯೇ ಆ ಕಣ್ಣು ಬದುವಿನ ಹುತ್ತ, ಮೂಲೆಯ ಅತ್ತಿಮರ, ಬೇಸಿಗೆಯಲ್ಲೂ ಒಣಗದ ಗರಿಕೆ, ಪಕ್ಕದ ಹೊಲದ ಹಳೇ ಬಾವಿ ಎಲ್ಲವನ್ನೂ ಒಂದು ಸುತ್ತು ಹಾಕಿ ಬಂದಿರುತ್ತದೆ. ಮರ ಮತ್ತು ಹುತ್ತಗಳಿಂದ ನೀರಿನ ನೆಲೆ ಹಿಡಿಯುವ ಬಗೆಯನ್ನು ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಒಂದು ಅಧ್ಯಾಯವನ್ನೇ ಮಾಡಿ ಬರೆದಿಟ್ಟಿದ್ದಾನೆ. ಪಾಯಿಂಟ್ ನೋಡುವವರನ್ನು ಕೇಳಿದರೆ “ದೇವರು ತೋರಿಸ್ತಾನೆ ಸ್ವಾಮಿ” ಎನ್ನುತ್ತಾರೆ. ಅದು ಬೂಟಾಟಿಕೆ ಎನ್ನಲಾರೆ. ಕಣ್ಣು ಕಂಡದ್ದನ್ನು ಬಾಯಿ ಹೇಳಲಾರದು, ಅಷ್ಟೆ. ರತ್ನ, ನಾಣ್ಯ ಪರೀಕ್ಷಿಸುವವರ ಅರಿವು ಅಭ್ಯಾಸದಿಂದ ಹುಟ್ಟುತ್ತದೆ, ಅನುಮಾನವೆಂಬ ತರ್ಕದಿಂದಲ್ಲ, ಅದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬರುವುದಿಲ್ಲ ಎಂದು ಭರ್ತೃಹರಿ ಆಗಲೇ ಹೇಳಿದ್ದ. 1978ರ ನೊಬೆಲ್ ವಿಜೇತ ಹರ್ಬರ್ಟ್ ಸೈಮನ್ ಚದುರಂಗದ ಪಟುಗಳನ್ನು ನೋಡಿ ಒಳಹೊಳಹು ಎಂದರೆ ಹಿಂದೆ ಕಂಡದ್ದರ ಗುರುತು ಹಿಡಿಯುವುದು, ಹೆಚ್ಚೇನಿಲ್ಲ ಎಂದ. ಸೈಮನ್‌ಗೆ ಅದೇ ಎಲ್ಲ. ಭರ್ತೃಹರಿಗೆ ಆರರಲ್ಲಿ ಒಂದು.

ಹಾಗೆಂದು ಯೋಗ, ಅನುಗ್ರಹದಂಥ ಮೇಲಿನ ಬಗೆಗಳು ಸಿಕ್ಕವರಿಗೆಲ್ಲ ದಕ್ಕಿದವು ಎಂದು ಶಾಸ್ತ್ರಕಾರರು ನಂಬಿಸಲಿಲ್ಲ. ಪತಂಜಲಿ ಯೋಗಸೂತ್ರದ ಮೂರನೆಯ ಪಾದದಲ್ಲಿ ಪ್ರಾತಿಭ ಜ್ಞಾನವನ್ನು ಹೇಳುತ್ತಾನೆ, ಬೆನ್ನಿಗೇ ಇವೆಲ್ಲ ಸಮಾಧಿಗೆ ಅಡ್ಡಿ ಎಂದೂ ಎಚ್ಚರಿಸುತ್ತಾನೆ. ಭವಿಷ್ಯ ಹೇಳಿ ಕಾಣಿಕೆ ಪಡೆಯುವ ಇಂದಿನ ಸ್ವಾಮಿಗಳು ಆ ಎರಡನೆಯ ಸೂತ್ರವನ್ನು ಹೇಗೋ ದಾಟಿಬಿಡುತ್ತಾರೆ.

ಮನುಸ್ಮೃತಿ ಧರ್ಮದ ನಾಲ್ಕು ಆಧಾರಗಳಲ್ಲಿ ಕೊನೆಯದಾಗಿ ಆತ್ಮತುಷ್ಟಿಯನ್ನು, ಅಂದರೆ ಒಳಮನಸ್ಸಿನ ಒಪ್ಪಿಗೆಯನ್ನು, ಹೇಳುತ್ತದೆ. ಕಾಳಿದಾಸನ ದುಷ್ಯಂತ ಹಿಡಿದುಕೊಳ್ಳುವುದು ಇದನ್ನೇ. ಕಣ್ವಾಶ್ರಮದ ಹುಡುಗಿಯ ಮೇಲೆ ತನ್ನ ಮನಸ್ಸು ಹೋಯಿತಲ್ಲ, ಹಾಗಾದರೆ ಅವಳು ಕ್ಷತ್ರಿಯನಿಗೆ ತಕ್ಕವಳೇ ಇರಬೇಕು! ಊಹೆ ನಿಜವಾಯಿತು, ಅವಳು ವಿಶ್ವಾಮಿತ್ರನ ಮಗಳು. ಆದರೂ ಮೋಹಗೊಂಡ ಯಾವ ಅರಸನಿಗೆ ಹೀಗೆ ಅನ್ನಿಸದೆ ಇದ್ದೀತು? ಮೀಮಾಂಸಕ ಕುಮಾರಿಲಭಟ್ಟ ‘ತಂತ್ರವಾರ್ತಿಕ’ದಲ್ಲಿ ದುಷ್ಯಂತ ಆಡುವ ಈ ಶ್ಲೋಕವನ್ನೇ ಎತ್ತಿಕೊಂಡು, ವೇದದಲ್ಲಿ ನೆನೆದು ಹದವಾದ ಮನಸ್ಸಿನ ಮಾತಿಗೆ ಮಾತ್ರ ಆ ಅಧಿಕಾರ ಎಂದು ಬೇಲಿ ಹಾಕುತ್ತಾನೆ. ಇತ್ತ ನಾಟಕದ ಐದನೆಯ ಅಂಕದಲ್ಲಿ ಅದೇ ದುಷ್ಯಂತನಿಗೆ ರಾಣಿ ಹಂಸಪದಿಕೆಯ ಹಾಡು ಕೇಳಿ ಕಾರಣವಿಲ್ಲದೆ ಮನಸ್ಸು ಕದಡುತ್ತದೆ. ಶಾಪದಿಂದ ನೆನಪು ಅಳಿದರೂ ಒಳಗೆಲ್ಲೋ ಶಕುಂತಲೆ ಉಳಿದಿದ್ದಳು. ಅವನೋ ಅದನ್ನು ಜನ್ಮಾಂತರದ ಸ್ನೇಹವಿರಬೇಕೆಂದು ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತಿಗೆ ಅವಳೇ ಎದುರು ಬಂದು ನಿಂತರೂ ಗುರುತು ಹತ್ತಲಿಲ್ಲ.

ಇವರೆಲ್ಲರಿಗಿಂತ ನನಗೆ ಇಷ್ಟವಾದವಳು ವೈಶೇಷಿಕರ ಪ್ರಶಸ್ತಪಾದ ಹೇಳುವ ಹೆಸರಿಲ್ಲದ ಹುಡುಗಿ. ಧರ್ಮವಿಶೇಷದಿಂದ ಋಷಿಗಳಿಗೆ ಹೊಳೆಯುವ ಆರ್ಷಜ್ಞಾನ ಅಪರೂಪಕ್ಕೆ ಲೋಕದ ಸಾಮಾನ್ಯರಲ್ಲೂ ಕಾಣುತ್ತದೆ ಎಂದು ಅವನು ಅವಳ ಮಾತನ್ನು ತರುತ್ತಾನೆ: ನಾಳೆ ಅಣ್ಣ ಬರುತ್ತಾನೆ, ನನ್ನ ಮನಸ್ಸು ಹೇಳುತ್ತಿದೆ. ಪಂಚಮಿಗೆ ಕರೆಯಲು ಬರುವ ಅಣ್ಣನ ದಾರಿ ಕಾಯುವ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಅವಳ ಪರಿಚಯ ಬೇರೆ ಮಾಡಿಕೊಡಬೇಕೆ? ಅವಳ ದೊಡ್ಡತನವೆಂದರೆ ಮಾತನ್ನು ಹಿಂದಿನ ದಿನವೇ ಆಡಿಬಿಟ್ಟದ್ದು.

ಕಾಶ್ಮೀರದ ಜಯಂತಭಟ್ಟ ಒಂಬತ್ತನೆಯ ಶತಮಾನದ ಕಟ್ಟಾ ತಾರ್ಕಿಕ. ‘ನ್ಯಾಯಮಂಜರಿ’ಯನ್ನು ಅರಸನ ಬಂಧನದಲ್ಲಿ ಕೂತು ಬರೆದೆ ಎಂದು ತಾನೇ ಹೇಳಿಕೊಂಡವನು. ಈ ಹುಡುಗಿಯ ಮಾತಿಗೆ ಅವನು ವಕೀಲನಾಗುತ್ತಾನೆ. ಅಣ್ಣ ಬರಲಿಲ್ಲವೋ, ಆ ಅರಿವು ಪ್ರಮಾಣವಲ್ಲ, ಬಿಡಿ. ಮರುದಿನ ಬಂದೇಬಿಟ್ಟರೆ? ಸಂಶಯವಿಲ್ಲದೆ ಹುಟ್ಟಿದ್ದು, ಯಾವುದೂ ಸುಳ್ಳು ಮಾಡದೆ ಉಳಿದದ್ದು. ಅಂಥದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಅವನು ಒಪ್ಪುವುದಿಲ್ಲ.